ಬಗಲಿಗೆ ನಿಂತು ನೋಡುವ ದುರ್ಬೀನು

"ಇಕಿ ಡಿಗ್ರಿ ಮುಗಸೋದು ಈ ಜನ್ಮದಾಗ ಆಗಂಗಿಲ್ಲ" ಎಂದವನು ನನ್ನ ಸೋದರಮಾವ, ಅವ್ವನ ಅಣ್ಣ. ಕುಕನೂರಿನಲ್ಲಿ ಗೊಬ್ಬರದ ಅಂಗಡಿ, ನಮ್ಮ ಹಳ್ಳಿಯಲ್ಲಿ ನಮ್ಮ ಓಣಿಯಲ್ಲೇ ಮನೆ. ನಾನು ಕೊಪ್ಪಳದ ಕಾಲೇಜಿಗೆ ಹೆಸರು ಹಚ್ಚಿ ಬಂದ ದಿನ ಕಟ್ಟೆಯ ಮೇಲೆ ಕುಳಿತು, ಹೋಗಿಬರುವವರಿಗೆಲ್ಲ ಕೇಳುವ ಹಾಗೆ ಅಂದ. ನನಗಿಂತ ಮೊದಲು ನಮ್ಮ ಮನೆತನದಲ್ಲಿ ಯಾರೂ ಹತ್ತನೆಯ ಇಯತ್ತೆ ದಾಟಿರಲಿಲ್ಲ. ಅವನ ಮಾತು ಸುಳ್ಳೆನ್ನಲು ಯಾರ ಬಳಿಯೂ ಪುರಾವೆ ಇರಲಿಲ್ಲ.

ಅವ್ವನಿಂದ ಅವನು ಒಂದು ಮಾತು ಕಸಿದುಕೊಂಡಿದ್ದ. ಒಂದೇ ಒಂದು ವಿಷಯದಲ್ಲಿ ನಾನು ಫೇಲಾದರೂ ಆ ಬೇಸಿಗೆಯಲ್ಲೇ ನನ್ನನ್ನು ಅವನ ಮಗನಿಗೆ ತಂದುಕೊಳ್ಳುವುದು. ಆ ಮಗನಿಗೂ ನಾನು ಬೇಕಿರಲಿಲ್ಲ. ಅವನನ್ನೂ ಯಾರೂ ಕೇಳಿರಲಿಲ್ಲ.

ಎರಡು ವರ್ಷ ಯಾವುದರಲ್ಲೂ ಫೇಲಾಗಲಿಲ್ಲ. ಕೊನೆಯ ವರ್ಷ ಭೌತಶಾಸ್ತ್ರದ ಪ್ರಾಜೆಕ್ಟ್ ಬಂತು. ನಮ್ಮ ಮೇಡಂ ನನಗೆ ಕೊಟ್ಟ ವಿಷಯ, ಹಳ್ಳಿಯಲ್ಲಿ ಮೊದಲ ಸಲ ಆಕಾಶ ನೋಡುವವರಿಗೆ ಎಂಥ ದುರ್ಬೀನು ತಕ್ಕದ್ದು ಎಂಬುದು. ಆರಿಸಬೇಕು, ತರಬೇಕು, ಪರೀಕ್ಷಕರು ಊರಿಗೇ ಬಂದಾಗ ಊರವರ ಕೈಯಲ್ಲಿ ಶನಿಗ್ರಹದ ಬಳೆ ನೋಡಿಸಬೇಕು. "ಯಾರೂ ನೋಡ್ಲಿಲ್ಲಂದ್ರ ಅದು ಬರೇ ಕೊಳವಿ. ಕೊಳವಿಗೆ ಯಾರೂ ಪಾಸ್ ಮಾಡಂಗಿಲ್ಲ" ಎಂದು ಮೇಡಂ ಮೊದಲೇ ಹೇಳಿಬಿಟ್ಟರು.

ಮೊದಲು ಕಾಲೇಜಿನ ಹಳೆಯ ದುರ್ಬೀನನ್ನೇ ಕೇಳಿ ಪಡೆದೆ. ಉದ್ದನೆಯ ಕೊಳವೆ, ಮುಂದೊಂದು ಮಸೂರ, ಸಣಕಲು ಮೂರು ಕಾಲಿನ ಸ್ಟ್ಯಾಂಡ್. ಬಸ್ಸು ಹತ್ತಿದರೆ ಕಂಡಕ್ಟರ್, "ಇದೇನ ಯವ್ವಾ, ಹೆಣಾ ಹೊತ್ತಂಗ ಹೊತ್ತೀಯಲ್ಲ! ಲಗೇಜ್ ಟಿಕೆಟ್ ತಗಿ" ಎಂದ. ಹಿಂದಿನ ಸೀಟಿನ ಹೆಂಗಸು, "ಹೆಣಾ ಆದ್ರ ಸುಮ್ನ ಮಲಗತಿತ್ತು. ಇದು ನನ್ನ ಸೊಂಟಕ್ಕ ಚುಚ್ಚಾಕತ್ತೈತಿ" ಎಂದಳು. ಬಸ್ಸು ನಕ್ಕಿತು. ಯಾರೂ ಸರಿದು ಜಾಗ ಕೊಡಲಿಲ್ಲ.

ಸಂಜೆ ಅಂಗಳದಲ್ಲಿ ನಿಲ್ಲಿಸಿ ಚಂದ್ರನಿಗೆ ಹಿಡಿದೆ. ಕಣ್ಣಿಟ್ಟವರ ರೆಪ್ಪೆ ತಾಗಿದರೂ ಸಾಕು, ಕೊಳವೆ ನಡುಗುತ್ತಿತ್ತು. "ಚಂದ್ರಪ್ಪ ಕುಡದ ಬಂದಾನೇನ್ಲೇ?" ಎಂದು ಒಬ್ಬ ಕೇಳಿದ. ಅಲ್ಲಿಯವರೆಗೆ ಬರೀ ನಗೆ. ಶನಿಯ ಕಡೆಗೆ ತಿರುಗಿಸಿದ್ದೇ ತಡ, ಅಂಗಳ ಖಾಲಿಯಾಗತೊಡಗಿತು.

ನಮ್ಮಲ್ಲಿ ಶನಿದೇವರ ಎದುರಿಗೆ ನೆಟ್ಟಗೆ ಯಾರೂ ನಿಲ್ಲುವುದಿಲ್ಲ. ಶನಿವಾರ ಗುಡಿಗೆ ಹೋದರೂ ಬಗಲಿಗೆ ನಿಂತು ಎಣ್ಣೆ ಹಾಕಿ, ಓರೆಯಾಗಿ ಕೈಮುಗಿದು ಬರುತ್ತೇವೆ. ಅವನ ದೃಷ್ಟಿಗೆ ದೃಷ್ಟಿ ಕೊಟ್ಟರೆ ಸಾಡೇಸಾತಿ ಹಿಡಿಯುತ್ತದೆ ಎಂಬ ಹೆದರಿಕೆ. ಇಷ್ಟು ಗೊತ್ತಿದ್ದೂ ನಾನು ಶನಿಗೆ ನೇರ ಗುರಿಯಿಟ್ಟ ಕೊಳವೆ ತಂದಿದ್ದೆ. ಓಡದೆ ಉಳಿದವಳು ನಮ್ಮ ಅಮ್ಮ ಒಬ್ಬಳೇ, ಅವ್ವನ ತಾಯಿ. ನನ್ನ ಮೇಲಿನ ಮರುಕಕ್ಕೆ ಬಂದಳು, ಆದರೆ ಮುಖ ಆಚೆ ತಿರುಗಿಸಿ, ಕಣ್ಣಿಡುವ ತೂತಿಗೆ ಕೆನ್ನೆ ಒತ್ತಿದಳು.

"ಏನ್ ಕಾಣತೈತಿ ಅಮ್ಮಾ?"

"ಕತ್ತಲಿ ಐತಿ. ಸಾಕಿಲ್ಲೊ?"

ಮಾವ ಕಟ್ಟೆಯಿಂದಲೇ ಕೂಗಿದ. "ಬಿಡಬೇ, ಇಕಿಗಂತೂ ಹುಟ್ಟಿದಾಗಿಂದನ ಶನಿ ಹಿಡದಾನ. ಈಗ ಊರಿಗೆ ಹಂಚಾಕ ಹೊಂಟಾಳ." ಬೇಸಿಗೆಯ ಮದುವೆಗೆ ಪೆಂಡಾಲು ಎಲ್ಲಿ ಹಾಕುವುದೆಂದು ಕೈ ಮಾಡಿ ತೋರಿಸಿದ. ಅವ್ವ ತಲೆ ಎತ್ತಲಿಲ್ಲ.

ಹಳೆಯದನ್ನು ತಿರುಗಿ ಕೊಟ್ಟು ಆರಿಸಲು ಕುಳಿತೆ. ಫೋನಿನಲ್ಲಿ ಬರುವ ಜಾಹೀರಾತುಗಳೆಲ್ಲ ನೂರಾರು ಪಟ್ಟು ದೊಡ್ಡದು ಮಾಡುತ್ತೇವೆ ಎಂದು ಒದರುತ್ತಿದ್ದವು. ಮೇಡಂ, "ಆ ಪಟ್ಟಿನ ಲೆಕ್ಕ ಓದಲೇಬ್ಯಾಡ. ಬಾಯಿ ಎಷ್ಟ ಅಗಲ ಐತಿ, ಇಟ್ಟಲ್ಲಿ ಗಟ್ಟಿ ಕೂಡತೈತೋ ಇಲ್ಲೋ, ನಿನ್ನ ತೊಡಿ ಮ್ಯಾಲ ಇಟ್ಕೊಂಡು ಬಸ್ಸಿನಾಗ ಬರಬೋದೋ, ಅಷ್ಟ ನೋಡು" ಎಂದರು. ಹಾಗೆ ನೋಡುತ್ತ ಹೋದಾಗ ಒಂದು ಗಿಡ್ಡ ದುರ್ಬೀನು ಸಿಕ್ಕಿತು. ಮಸೂರದ ಬದಲು ತಳದಲ್ಲಿ ತಗ್ಗು ಕನ್ನಡಿ, ಅರ್ಧ ಗೇಣು ಬಾಯಿ, ಕಾಲುಗಳೇ ಇಲ್ಲ, ಬೀಸುಕಲ್ಲಿನ ಹಾಗೆ ತಿರುಗುವ ಹಲಗೆಯ ಪೀಠ. ಬೆಲೆ ಒಂದು ಸಾಧಾರಣ ಫೋನಿನಷ್ಟು, ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿದ್ದರಲ್ಲಿ ಆಗುವಂಥದ್ದು. ಆದರೆ ನಾನು ಅದನ್ನೇ ತರಿಸಿದ ಕಾರಣ ಬೇರೆ. ಕಣ್ಣಿಡುವ ತೂತು ಕೊಳವೆಯ ಹಿಂದೆ ಇರಲಿಲ್ಲ, ಬಗಲಿಗಿತ್ತು.

ಎಳ್ಳಮಾವಾಸ್ಯೆ ಮುಗಿದ ವಾರ ಗಂಗಾವತಿ ಕಡೆಯ ಪರೀಕ್ಷಕರು ಬಂದರು. ಆಗಷ್ಟೇ ಹೊತ್ತು ಮುಳುಗಿತ್ತು, ಜೋಳದ ಹೊಲದ ಮೇಲೆ ಪಡುವಣದಲ್ಲಿ ಶನಿ ಕಾಣುತ್ತಿತ್ತು. ದುರ್ಬೀನನ್ನು ನಮ್ಮ ಕಲ್ಲಿನ ಕಟ್ಟೆಯ ಮೇಲಿಟ್ಟೆ. ಅಲುಗಲಿಲ್ಲ. ಜನ ಕೂಡಿದ್ದರು, ದೂರದಲ್ಲಿ. ಎಲ್ಲರಿಗಿಂತ ಮುಂದೆ ಮಾವ, ಕಾಲ ಮೇಲೆ ಕಾಲು.

"ಯಾರೂ ಬರವಲ್ರಲ್ಲ?" ಪರೀಕ್ಷಕರು ಗಡಿಯಾರ ನೋಡಿಕೊಂಡರು.

"ಬರಂಗಿಲ್ರಿ ಸರ್" ಎಂದ ಮಾವ. "ನಮ್ಮೂರಾಗ ಸಾಯೋ ಆಸೆ ಯಾರಿಗೂ ಇಲ್ಲ. ಶೂನ್ಯ ಕೊಟ್ಟು ನಡೀರಿ. ಲಗ್ನಕ್ಕ ಕರೀತೀವಿ, ಆವಾಗ ಉಂಡ ಹೋಗ್ರೆಂತ."

ನಾನು ಅಮ್ಮನ ಕೈ ಹಿಡಿದೆ. "ಅಮ್ಮಾ, ಎದುರಿಗೆ ನಿಲ್ಲೂದ ಬ್ಯಾಡ. ಗುಡ್ಯಾಗ ನಿಂತಂಗ ಬಗಲಿಗೆ ನಿಂದ್ರು. ನೀ ನೋಡೂದು ಕನ್ನಡಿ. ಅವ ಕನ್ನಡ್ಯಾಗ ಬಂದ್ರ ಬರ್ಲಿ."

ಅಮ್ಮ ವಿಚಾರ ಮಾಡಿದಳು. ಬಗಲಿಗೆ ನಿಂತಳು, ಸೆರಗು ಹೊದ್ದಳು, ಕೈಮುಗಿದಳು, ಬಾಗಿ ಕಣ್ಣಿಟ್ಟಳು. ಬಹಳ ಹೊತ್ತು ಏಳಲಿಲ್ಲ.

"ಯಪ್ಪಾ, ಎಷ್ಟ ಸಣ್ಣಾಂವ ಅದಾನ! ನಡಕ್ಕ ಬಳಿ ಹಾಕ್ಕೊಂಡಾನ. ಇಂವಗೇನ ಹೆದರತೀರಿ ಬರ್ರೇ!"

ಆಮೇಲೆ ಹೆಂಗಸರ ಸಾಲು ಹತ್ತಿತು. ಗುಡಿಯಲ್ಲಿ ನಿಂತ ಹಾಗೇ ಬಗಲಿಗೆ ನಿಂತು, ಕೈಮುಗಿದು, ನೋಡಿ, ಕಂಡದ್ದನ್ನು ಪರೀಕ್ಷಕರಿಗೆ ಹೇಳಿ ಸರಿದರು. ಮಾವನಿಗೆ ತಡೆಯಲಾಗಲಿಲ್ಲ. ಎದ್ದು ಬಂದ.

"ಬಗಲಿಗೆ ನಿಂತ ನೋಡಾಕ ನಾ ಏನ ಹೆಂಗಸೇನ? ನಾ ಎದುರಿಗೇ ನೋಡ್ತೀನಿ."

ಎದುರಿಗೆ ನೋಡಲು ಈ ದುರ್ಬೀನಿಗೆ ಹಿಂದೆ ತೂತಿಲ್ಲ. ಅದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅವನು ಕೆಳಗೆ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಸುತ್ತು ಹಾಕಿ ಬಂದು, ಆಕಾಶಕ್ಕೆ ತೆರೆದ ಬಾಯಿಯೊಳಗೇ ಇಣುಕಿದ. ಬೀದಿದೀಪದ ಬೆಳಕು ಅವನ ಮುಖದ ಮೇಲಿತ್ತು. ತಳದ ಕನ್ನಡಿ ಆ ಮುಖವನ್ನೇ ಊದಿಸಿ ಅವನಿಗೆ ತಿರುಗಿ ಕೊಟ್ಟಿತು.

"ಏನ್ ಕಂಡ್ರಿ ಸಾವ್ಕಾರ್ರ?" ಯಾರೋ ಕೇಳಿದರು.

"ಏನಿಲ್ಲಲೇ, ಬರೇ ಮೋಸ. ನನ್ನ ಮಾರೀನ ಕಾಣತೈತಿ."

"ಹಂಗಾರ ಶನಿ ಸಿಕ್ಕ ಬಿಡ್ರಿ!"

ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪರೀಕ್ಷಕರು ಕರವಸ್ತ್ರ ಅಡ್ಡ ಹಿಡಿದರು. ತನ್ನ ಅಣ್ಣನ ಎದುರು ಎಂದೂ ಹಲ್ಲು ತೋರಿಸದ ಅವ್ವ ಕೂಡ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅವನು ಚಪ್ಪಲಿ ಹುಡುಕುತ್ತಿದ್ದಾಗಲೂ ನಿಲ್ಲಿಸಲಿಲ್ಲ. ಚಪ್ಪಲಿ ನನ್ನ ಕಾಲ ಹತ್ತಿರವೇ ಇತ್ತು, ಸರಿಸಿ ಕೊಡಲಿಲ್ಲ. ಇವತ್ತು ನೆನೆದರೂ ಸರಿಸಬೇಕಿತ್ತು ಎನಿಸುವುದಿಲ್ಲ.

ಪ್ರಾಜೆಕ್ಟ್ ಪಾಸಾಯಿತು, ಬೇಸಿಗೆಗೆ ಡಿಗ್ರಿಯೂ ಆಯಿತು. ಪೆಂಡಾಲು ಏಳಲಿಲ್ಲ. ಮಾವ ನಮ್ಮ ಮನೆಯ ಮುಂದೆ ಹಾಯುವುದನ್ನೇ ಬಿಟ್ಟು ಹಿಂದಿನ ದಾರಿ ಹಿಡಿದ. ಓಣಿಯವರು ಅವನಿಲ್ಲದಾಗ ಅವನನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ಬರೆಯಬೇಕಿಲ್ಲ.

ಸರ್ಟಿಫಿಕೇಟು ಕೈಗೆ ಬಂದಾಗ ಗಾಜಿನ ಫ್ರೇಮ್ ಹಾಕಿಸಿ ನೇರ ಅವನ ಮನೆಗೆ ಒಯ್ದೆ. ಅವನು ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದ, ಅಮ್ಮ ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತಿದ್ದಳು.

"ಈ ಜನ್ಮದಾಗ ಆಗೇತಿ, ನೋಡ್ರಿ ಮಾವ" ಎಂದು ಅವನ ಕೈಗೆ ಕೊಟ್ಟೆ.

ಅವನು ತೆಗೆದುಕೊಂಡ. ಓದಲಿಲ್ಲ, ತಿರುಗಿಯೂ ಕೊಡಲಿಲ್ಲ. ಬಾಗಿಲಿನ ಬೆಳಕು ಗಾಜಿಗೆ ಬಿದ್ದಿತ್ತು.

ಅಮ್ಮ ಅಡಕತ್ತರಿ ಕೆಳಗಿಟ್ಟಳು. "ಸ್ವಲ್ಪ ಓರೆ ಮಾಡಿ ಹಿಡಿಯೋ ತಮ್ಮಾ," ಎಂದಳು ತನ್ನ ಮಗನಿಗೆ. "ಇಲ್ಲಂದ್ರ ಇದ್ರಾಗೂ ನಿನ್ನ ಮಾರೀನ ಕಾಣತೈತಿ."