ಹೊಲದಲ್ಲಿ ಕಳ್ಳರು, ಆಲದಲ್ಲಿ ಬೀಗರು

ಇಂದು ಮಾಘ ಶುದ್ಧ ಪಂಚಮಿ. ಗೋಡೆಯ ಪಂಚಾಂಗ ನೋಡಿ ಖಚಿತಪಡಿಸಿಕೊಂಡೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಗೋಕಾಕದ ನಮ್ಮ ಬಡಾವಣೆಯ ಉದ್ಯಾನದಿಂದ ಮರಳಿದಾಗ, ಚಪ್ಪಲಿಗೆ ಮೆತ್ತಿದ್ದ ಆಲದ ಹಣ್ಣಿನ ಹುಳಿ ವಾಸನೆ ಮನೆಯೊಳಗೂ ಬಂತು. ಅದರ ಹಿಂದೆಯೇ ಪಕ್ಕದ ಮನೆಯಲ್ಲಿದ್ದ, ನಾವೆಲ್ಲ ಕಾಕೂ ಎಂದು ಕರೆಯುತ್ತಿದ್ದ ಹಿರಿಯಾಕೆ ನೆನಪಾದರು...

ಚಳಿಗಾಲದಲ್ಲಿ ಉದ್ಯಾನದ ಆ ಆಲಕ್ಕೆ ಗುಲಾಬಿ ಕಬ್ಬಕ್ಕಿಗಳು ಬರುತ್ತಿದ್ದವು. ಕಪ್ಪು ತಲೆ, ಗುಲಾಬಿ ಮೈ, ಇಡೀ ಮರವೇ ಮಾತಾಡುತ್ತಿದೆಯೆನ್ನಿಸುವಷ್ಟು ಗದ್ದಲ. ಘೋಡಗೇರಿಯ ತಮ್ಮ ಹೊಲದಲ್ಲಿ ಹಾಲು ತುಂಬಿದ ಜೋಳದ ತೆನೆ ಕಾಯುತ್ತ, ಇದೇ ಹಕ್ಕಿಗಳತ್ತ ಅರ್ಧ ಆಯುಷ್ಯ ಕವಣೆ ಬೀಸಿದವರು ಕಾಕೂ. ಉದ್ಯಾನದಲ್ಲಿ ಮಾತ್ರ ಯಾರಾದರೂ ಕಲ್ಲೆತ್ತಿದರೆ ಗದರುತ್ತಿದ್ದರು. ಒಮ್ಮೆ ಕಾರಣ ಕೇಳಿದೆ.

“ಹೊಲಕ್ಕ ಬಂದ್ರ ಕಳ್ಳರು, ಈ ಗಿಡಕ್ಕ ಬಂದ್ರ ಬೀಗರು. ಬೀಗರಿಗೆ ಯಾರರ ಕಲ್ಲು ಒಗೀತಾರೇನ್ರಿ, ಸರ?”

ಅವು ಮಧ್ಯ ಏಷ್ಯಾದ ಕಡೆಯಿಂದ ಬರುತ್ತವೆಂದು ನಾನು ಗಂಭೀರವಾಗಿ ವಿವರಿಸಿದಾಗ ಕಾಕೂ ಹಣೆ ಚಚ್ಚಿಕೊಂಡರು.

“ಅಷ್ಟು ದೂರದಿಂದ ಬಂದವರಿಗೆ ಬರೇ ಹಣ್ಣು ಕೊಟ್ಟು ಕಳಸೂದೇನ್ರಿ? ಹೋಳಿಗಿ ಮಾಡಬೇಕಿತ್ತ ನಾವು!”

ಕೊನೆಯ ವರ್ಷ ಅವರು ಹಾಸಿಗೆ ಹಿಡಿದರು. ಗುಣವಾಗುವ ಮಾತನ್ನು ಒಮ್ಮೆಯೂ ಆಡಲಿಲ್ಲ. ಆ ಹಕ್ಕಿಗಳನ್ನು ಇನ್ನೊಮ್ಮೆ ನೋಡಿ ಹೋಗಬೇಕೆಂಬುದಷ್ಟೇ ಅವರ ಆಸೆ. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ.

“ಬೀಗರು ಬಂದ್ರೇನ್ರಿ?”

“ಇನ್ನೂ ಇಲ್ಲ, ಕಾಕೂ.”

“ದಾರಿ ತಪ್ಪಿ ಮೂಡಲಗಿಗೆ ಹೋಗ್ಯಾರೇನ, ನೋಡ್ರಿ,” ಎಂದು ನಗಲು ಹೋಗಿ ಕೆಮ್ಮುತ್ತಿದ್ದರು.

ಮುಂದಿನದು ನನಗೆ ಸ್ಪಷ್ಟವಾಗಿ ನೆನಪಿದೆ. ಹಕ್ಕಿಗಳು ಬಂದ ಬೆಳಿಗ್ಗೆ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಆಲದಡಿಗೆ ಕರೆದೊಯ್ದೆ. ಕೊಕ್ಕಿನಿಂದ ಜಾರಿದ ಹಣ್ಣಿನ ಚೂರುಗಳು ಸೀರೆಯ ಮೇಲೆ ಬಿದ್ದವು, ಅವರು ಕೊಡವಿಕೊಳ್ಳಲಿಲ್ಲ. ಮುಖವೆತ್ತಿ ನೋಡುತ್ತಲೇ ಇದ್ದರು... ಇಷ್ಟು ವರ್ಷ ಆ ಮುಖವೇ ನನ್ನ ಸಮಾಧಾನವಾಗಿತ್ತು.

ಈ ಬರಹಕ್ಕಾಗಿ ತಿಥಿಗಳನ್ನು ತಾಳೆ ನೋಡಿದೆ. ಆ ವರ್ಷ ಹಕ್ಕಿಗಳು ತಡವಾಗಿ, ದೀಪಾವಳಿ ಕಳೆದ ಮೇಲೆ ಬಂದವೆಂದು ನನ್ನದೇ ಟಿಪ್ಪಣಿ ಹೇಳುತ್ತದೆ. ಘೋಡಗೇರಿಯಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಅದೇ ವರ್ಷದ ವಿಜಯದಶಮಿಯ ತಿಥಿಯಿದೆ. ಎರಡನ್ನೂ ಮತ್ತೆ ಓದಿದೆ, ಎರಡರಲ್ಲೂ ತಪ್ಪಿಲ್ಲ. ಹಕ್ಕಿಗಳು ಬರುವ ಮೊದಲೇ ಕಾಕೂ ಹೋಗಿದ್ದರು. ಆ ಬೆಳಿಗ್ಗೆ ಆಲದಡಿ ನಾನೊಬ್ಬನೇ ಇದ್ದೆ.