ಇಪ್ಪತ್ತೊಂದನೆಯ ದಿನ ಯಾರೂ ಬರುವುದಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತರಬೇತಿ ಕೇಂದ್ರದ ಹಿತ್ತಲಲ್ಲಿ, ಹಸಿರು ಬಲೆಯ ಚಪ್ಪರದಡಿ, ಆಕೆ ಕುಂಡದಿಂದ ಕುಂಡಕ್ಕೆ ಬಗ್ಗುತ್ತ ಹೋಗುತ್ತಿದ್ದಾರೆ. ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ ತುಂಡನ್ನು ತೆಗೆದು ಒಂದೊಂದು ನಿಂಬೆಗಿಡದ ಕಾಂಡಕ್ಕೂ ಆನಿಸಿ ಹಿಡಿಯುತ್ತಾರೆ. ಕಾಂಡ ಪೆನ್ಸಿಲಿನಷ್ಟು ದಪ್ಪವಿದ್ದರೆ ಗಿಡ ಈ ಸಾಲಿಗೆ, ಇಲ್ಲದಿದ್ದರೆ ಆ ಸಾಲಿಗೆ. ಆ ಪೆನ್ಸಿಲಿಗೆ ಬಹುಕಾಲ ಮೊನೆಯೇ ಇರಲಿಲ್ಲ. ಹಿಂದೊಮ್ಮೆ ಹಾಜರಿ ಸಹಿಗೆಂದು ತರಬೇತಿಗೆ ಬಂದ ಮೇಷ್ಟ್ರೊಬ್ಬರು ಅದಕ್ಕೆ ಕೈ ಚಾಚಿದಾಗ, "ಇದು ಬರೆಯೋಕಲ್ಲ ಸರ್, ಅಳೆಯೋಕೆ" ಅಂದುಬಿಟ್ಟಿದ್ದರು. ಇಡೀ ಬ್ಯಾಚು ಗೊಳ್ಳೆಂದು ನಕ್ಕಿತ್ತು.

ಕೇಂದ್ರದ ಕಡತಗಳಲ್ಲಿ ಆಕೆ ತೋಟದ ಸಹಾಯಕಿ. ಬಂದುಹೋಗುವ ಮೇಷ್ಟ್ರುಗಳ ಬಾಯಲ್ಲಿ ಕಸಿಯಕ್ಕ. ಪ್ರೌಢಶಾಲೆಗಳಲ್ಲಿ ಕೃಷಿ ಪಾಠ ಹೇಳುವವರು ಇಲ್ಲಿಗೆ ಐದು ದಿನದ ತರಬೇತಿಗೆ ಬರುತ್ತಾರೆ. ಬ್ಯಾಚಿಗೆ ಮೂವತ್ತಾರು ಜನ, ವರ್ಷಕ್ಕೆ ಆರು ಬ್ಯಾಚು. ಒಬ್ಬೊಬ್ಬರಿಗೆ ಒಂದು ಕುಂಡ. ಆ ಒಂದು ಕುಂಡಕ್ಕಾಗಿ ಎಂಟು ತಿಂಗಳು ಮೊದಲೇ ಬೀಜ ಹಾಕಬೇಕು. ಹದಿನಾಲ್ಕು ವರ್ಷದಿಂದ ಹಾಕುತ್ತಿದ್ದಾರೆ.

ಕೆಲಸ ನೋಡಲು ಸುಲಭ. ನಿಂಬೆಗಿಡದ ಸಿಪ್ಪೆ ಸೀಳಿ, ಕಿತ್ತಳೆ ಕಡ್ಡಿಯಿಂದ ಕೊಯ್ದು ತೆಗೆದ ಒಂದು ಮೊಗ್ಗನ್ನು ಒಳಗೆ ಕೂರಿಸಿ, ಅದರ ತುದಿಯಷ್ಟೇ ಕಾಣುವಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಆ ಮೊಗ್ಗಿಗೆ ಇಲ್ಲಿ ಕಣ್ಣು ಅನ್ನುತ್ತಾರೆ. ಕಣ್ಣು ಆಕಾಶ ನೋಡುತ್ತಿರಬೇಕು. ಎಷ್ಟೋ ಮೇಷ್ಟ್ರುಗಳು ಅವಸರದಲ್ಲಿ ಅದನ್ನು ತಲೆಕೆಳಗು ಮಾಡಿ ಕೂರಿಸುತ್ತಾರೆ. ತಪ್ಪೆಂದು ತಿಳಿಯುವುದಾದರೂ ಹೇಗೆ? ಪಟ್ಟಿ ಬಿಚ್ಚುವುದು ಇಪ್ಪತ್ತೊಂದನೆಯ ದಿನ. ಅವರು ಐದನೆಯ ದಿನವೇ ಪ್ರಮಾಣಪತ್ರ ಹಿಡಿದು, ಗುಂಪು ಫೋಟೋ ತೆಗೆಸಿಕೊಂಡು, ಬಸ್ಸು ಹತ್ತಿರುತ್ತಾರೆ.

ಮೊದಲ ವರ್ಷದ ಮೊದಲ ಬ್ಯಾಚಿನಲ್ಲಿ ಬದುಕಿದ್ದು ಒಂಬತ್ತು. ಕೇಂದ್ರದ ಮುಖ್ಯಸ್ಥರು ಕೆಂಡವಾದರು. ಮೇಲಿನವರಿಗೆ ಏನೆಂದು ಬರೆಯಲಿ ಎಂದು ಎಲ್ಲರ ಮೇಲೂ ಹರಿಹಾಯ್ದರು. ಮುಂದಿನ ಬ್ಯಾಚು ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಕಸಿಯಕ್ಕ ಚಾಕು ಹಿಡಿದು ಚಪ್ಪರಕ್ಕೆ ಬಂದರು. ಕೆಟ್ಟ ಕಸಿಗಳನ್ನು ಕಿತ್ತು, ಅದೇ ಗಿಡಗಳ ಇನ್ನೊಂದು ಮಗ್ಗುಲಲ್ಲಿ ತಾವೇ ಹೊಸ ಕಣ್ಣು ಕೂರಿಸಿದರು.

"ಹೆದರಿಕೆಗೆ ಮಾಡಿದೆ ಅಂತ ಅನ್ಕೋಬೇಡಿ," ಅನ್ನುತ್ತಾರೆ. "ಹೆದರಿಕೇನೂ ಇತ್ತು, ಇರ್ಲಿಲ್ಲ ಅನ್ನಲ್ಲ. ಆದ್ರೆ ಎಂಟು ತಿಂಗಳು ಸಾಕಿದ ಗಿಡ. ಕಣ್ಮುಂದೆ ಹಾಳಾಗೋದನ್ನ ನೋಡ್ಕೊಂಡು ಹೆಂಗೆ ಕೂರೋದು?"

ಆ ಸಲ ಮೂವತ್ತಾರರಲ್ಲಿ ಮೂವತ್ಮೂರು ಬದುಕಿದವು. ಮುಖ್ಯಸ್ಥರು ಅದನ್ನು ತರಬೇತಿಯ ಫಲ ಎಂದು ವರದಿಯಲ್ಲಿ ಬರೆದರು. ಗೆದ್ದ ಮೇಷ್ಟ್ರುಗಳಿಗೆ ಅಭಿನಂದನಾ ಪತ್ರಗಳು ಹೋದವು. ಅಲ್ಲಿಂದ ಪ್ರತಿ ಬ್ಯಾಚು ಹೋದ ಮರುದಿನವೂ ಕಸಿಯಕ್ಕನಿಗೆ ಅದೇ ಕೆಲಸವಾಯಿತು. ವರ್ಷ ಕಳೆದಂತೆ ಆ ಅಂಕಿಯೇ ಮುಳುವಾಯಿತು. ಇಷ್ಟು ಸಲೀಸಾಗಿ ಕಲಿಯುವವರಿಗೆ ಎರಡು ದಿನದ ಚಪ್ಪರದ ಕೆಲಸ ಯಾಕೆಂದು ಮುಖ್ಯಸ್ಥರು ಅದನ್ನು ಒಂದು ದಿನಕ್ಕಿಳಿಸಿದರು, ಆಮೇಲೆ ಅರ್ಧ ದಿನಕ್ಕೆ. ಉಳಿದದ್ದೆಲ್ಲ ಪರದೆಯ ಮೇಲಿನ ಚಿತ್ರ, ಭಾಷಣ.

ಕಸಿಯಕ್ಕನ ಕಿರಿಮಗಳು ಒಂಬತ್ತನೆಯ ತರಗತಿ. ಕಳೆದ ವರ್ಷ ಒಂದು ಸಂಜೆ ಅಡುಗೆಮನೆಯಲ್ಲಿ ಅವಳ ಕೃಷಿ ನೋಟ್‌ಬುಕ್ ಬಿಚ್ಚಿಕೊಂಡು ಬಿದ್ದಿತ್ತು. ಕಸಿಯ ಚಿತ್ರ ಅಚ್ಚುಕಟ್ಟಾಗಿದೆ, ಬಣ್ಣವನ್ನೂ ತುಂಬಿದ್ದಾಳೆ. ಕಣ್ಣು ಮಾತ್ರ ನೆಲ ನೋಡುತ್ತಿದೆ. ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು, ಮೇಷ್ಟ್ರ ಸಹಿ. ಇದು ತಪ್ಪು ಕಣೇ, ತಿದ್ದಿಕೋ ಎಂದರು ತಾಯಿ. ಮಗಳು ನೋಟ್‌ಬುಕ್ ಕಿತ್ತುಕೊಂಡಳು.

"ನಮ್ಮ ಸರ್ ಟ್ರೈನಿಂಗ್ ಮಾಡ್ಕೊಂಡು ಬಂದಿದಾರಮ್ಮ. ಅವರ ಕಸಿ ಗೆದ್ದಿದೆ ಅಂತ ಬಂದಿರೋ ಪತ್ರಾನ ಕಟ್ಟು ಹಾಕಿಸಿ ಲ್ಯಾಬಲ್ಲಿ ನೇತುಹಾಕಿದಾರೆ. ನಿನಗೇನು ಗೊತ್ತು?"

ತಾಯಿ ಒಲೆಯ ಕಡೆ ತಿರುಗಿದರು. ಆ ಮೇಷ್ಟ್ರ ಕುಂಡ ಅವರಿಗೆ ಚೆನ್ನಾಗಿ ನೆನಪಿದೆ. ಎರಡನೆಯ ಸಾಲಿನ ಕೊನೆಯದು. ಅದರ ಕಣ್ಣನ್ನು ಕಿತ್ತು ಮತ್ತೆ ಕೂರಿಸಿದ್ದು ಅವರೇ.

ಮುಂದಿನ ಬ್ಯಾಚಿನ ಕಸಿಗಳನ್ನು ಅವರು ಮುಟ್ಟಲಿಲ್ಲ. ನೀರು ಹಾಕಿದರು, ಅಷ್ಟೇ. ದಿನವೂ ಚಪ್ಪರದಲ್ಲಿ ನಿಂತು ಕಂದುತ್ತಿದ್ದ ಕಣ್ಣುಗಳನ್ನು ನೋಡಿದರು, ಕೈ ತುರಿಸುತ್ತಿತ್ತು. ಇಪ್ಪತ್ತೊಂದನೆಯ ದಿನ ಪಟ್ಟಿ ಬಿಚ್ಚಿ ಎಣಿಸಿದರು. ಕಸಿ ಚಾಕುವಿನಿಂದಲೇ ಆ ಪೆನ್ಸಿಲಿಗೆ ಮೊನೆ ಮಾಡಿ, ಹಾಳೆಯಲ್ಲಿ ಹನ್ನೊಂದು ಎಂದು ಬರೆದು, ಮುಖ್ಯಸ್ಥರ ಮೇಜಿನ ಮೇಲಿಟ್ಟರು. ಇಷ್ಟು ವರ್ಷ ತಾವು ಮಾಡಿದ್ದನ್ನೂ ಬಾಯಿಬಿಟ್ಟು ಹೇಳಿದರು. ಮೇಷ್ಟ್ರುಗಳನ್ನು ಇಪ್ಪತ್ತೊಂದನೆಯ ದಿನ ಒಮ್ಮೆ ಕರೆಸಿ ಎಂದು ಕೇಳಿಕೊಂಡರು.

ಮುಖ್ಯಸ್ಥರು ಬಾಗಿಲು ಮುಂದೆ ಮಾಡಲು ಹೇಳಿ, ಈ ಮಾತು ಈ ಕೋಣೆ ದಾಟಬಾರದು ಎಂದರು. ವಾರದೊಳಗೆ ನೋಟಿಸು ಬಂತು: ತೋಟದ ಸಹಾಯಕಿಯ ನಿರ್ಲಕ್ಷ್ಯದಿಂದ ಇಪ್ಪತ್ತೈದು ಗಿಡಗಳ ಕಸಿ ಹಾಳಾಗಿದೆ. ಅದರ ಹಿಂದೆಯೇ ಇನ್ನೊಂದು ಆದೇಶ. ಇನ್ನು ಕಸಿಯನ್ನು ವಿಡಿಯೋದಲ್ಲಿ ತೋರಿಸಲಾಗುವುದು, ಹೊಸ ಗಿಡ ಬೆಳೆಸಬೇಕಾಗಿಲ್ಲ.

ವಿಡಿಯೋಗೆ ಕೈ ಯಾರದು? ಕಸಿಯಕ್ಕನದೇ. ಉಗುರಿನ ಮಣ್ಣು ತೊಳೆದುಕೊಂಡು ಬನ್ನಿ, ಮುಖ ಬೇಡ, ಮೊಣಕೈವರೆಗೆ ಸಾಕು ಎಂದರಂತೆ ಕ್ಯಾಮೆರಾದವರು. ದನಿ ಮುಖ್ಯಸ್ಥರದು. ನಾಲ್ಕು ನಿಮಿಷದ ಆ ವಿಡಿಯೋದಲ್ಲಿ ಪಟ್ಟಿ ಸುತ್ತುವವರೆಗೆ ಇದೆ. ಬಿಚ್ಚುವುದಿಲ್ಲ.

ಇವತ್ತು ಹತ್ತು ಗಂಟೆಗೆ ಹೊಸ ಬ್ಯಾಚಿನ ಉದ್ಘಾಟನೆ. ಆದೇಶಕ್ಕೆ ಮೊದಲೇ ಬೆಳೆಸಿದ್ದ, ಈಗ ಕಸಿಯಕ್ಕ ಆರಿಸುತ್ತಿರುವ ಗಿಡಗಳು ವೇದಿಕೆಯ ಅಂಚಿಗೆ ಅಲಂಕಾರಕ್ಕಂತೆ. ಅಲಂಕಾರಕ್ಕೆ ದಪ್ಪ ಅಳೆಯುವುದೇಕೆ ಎಂದು ಕೇಳಿದರೆ ಕಸಿಯಕ್ಕ ಪೆನ್ಸಿಲನ್ನು ಕಿವಿಯ ಮೇಲಿಟ್ಟು, ಮೂವತ್ತಾರನೆಯ ಕುಂಡವನ್ನು ಸಾಲಿಗೆ ಸೇರಿಸುತ್ತಾರೆ. ಚಪ್ಪರದ ಮೂಲೆಯಲ್ಲಿ, ಗೋಣಿಚೀಲದ ಮರೆಗೆ, ಒಂದು ತಟ್ಟೆ ನಿಂಬೆ ಬೀಜ ಮೊಳಕೆ ಒಡೆದಿದೆ. ಯಾರೂ ಹಾಕಲು ಹೇಳಿರಲಿಲ್ಲ.

"ವಿಡಿಯೋದಲ್ಲಿ ನನ್ನ ಮುಖ ಹಾಕ್ಲಿ ಅಂತ ನಾನೇನೂ ಕೇಳಲ್ಲ," ಅನ್ನುತ್ತಾರೆ. "ಒಬ್ಬರು, ಒಬ್ಬರೇ ಒಬ್ಬರು ಮೇಷ್ಟ್ರು ಇಪ್ಪತ್ತೊಂದನೇ ದಿನ ಬಂದು, ತಾವು ಸುತ್ತಿದ ಪಟ್ಟೀನ ತಾವೇ ಬಿಚ್ಚಲಿ. ಸತ್ತಿದ್ರೂ ಪರವಾಗಿಲ್ಲ. ನೋಡಿದ್ರೆ ಸಾಕು."