ಅಲ್ಲಾಡಬೇಡಕ್ಕನ ನಲವತ್ತು ತಲೆಗಳು

ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಎಂ.ಆರ್.ಐ. ಯಂತ್ರ ನಡೆಸುವ ಆಕೆಯ ನಿಜವಾದ ಹೆಸರು ಸಂಬಳದ ಚೀಟಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಯಂತ್ರದೊಳಗೆ ಮಲಗಿದವರಿಗೆ ಗಾಜಿನ ಈಚೆಯಿಂದ ಮೈಕಿನಲ್ಲಿ "ಅಲ್ಲಾಡಬೇಡಿ, ಇನ್ನು ನಾಲ್ಕೇ ನಿಮಿಷ" ಎಂದು ಹದಿನಾಲ್ಕು ವರ್ಷ ಹೇಳಿದ್ದರಿಂದ ವಿದ್ಯಾರ್ಥಿಗಳು ಅವಳನ್ನು ಅಲ್ಲಾಡಬೇಡಕ್ಕ ಎಂದೇ ಕರೆಯುತ್ತಿದ್ದರು. ಆ ನಾಲ್ಕು ನಿಮಿಷ ಎಂದೂ ನಾಲ್ಕಕ್ಕೆ ಮುಗಿದದ್ದಿಲ್ಲ ಎನ್ನುವುದು ಬೇರೆ ಮಾತು. ಆದರೆ ಆ ದನಿ ಕೇಳಿದರೆ ಎಂಥ ಚಡಪಡಿಕೆಯವರೂ ಸುಮ್ಮನೆ ಮಲಗುತ್ತಿದ್ದರು.

ಅಕ್ಕ ಮೊದಲು ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯಲ್ಲಿದ್ದವಳು. ಅಲ್ಲಿ ಹನ್ನೆರಡು ವರ್ಷ ಕೈಕಾಲು ಮುರಿದುಕೊಂಡವರ ನಡುವೆ ಕಳೆದಳು. ಅಲ್ಲಿಂದ ಅವಳನ್ನು ಕರೆತಂದವರು ವಿಭಾಗದ ಮುಖ್ಯಸ್ಥರಾಗಿದ್ದ ಮೇಷ್ಟ್ರು. ಅವರ ಕಾಲು ಮುರಿದಾಗ ಅಕ್ಕ ಒಂದೇ ಸಲಕ್ಕೆ ಸರಿಯಾದ ಚಿತ್ರ ತೆಗೆದಿದ್ದಳಂತೆ. "ನಿನ್ನಂಥವಳು ನನಗೆ ಬೇಕಮ್ಮ, ಎರಡನೇ ಸಲ ಮಲಗಿಸೋ ಅಭ್ಯಾಸ ಇಲ್ಲದೋಳು" ಎಂದು ಊರುಗೋಲಿನ ಮೇಲೆ ನಿಂತೇ ಕೆಲಸ ಕೊಟ್ಟರು. ಆ ಋಣವನ್ನು ಅಕ್ಕ ಒಂದು ದಿನವೂ ಮರೆತವಳಲ್ಲ.

ಅವಳು ಬಂದ ಮೊದಲ ವರ್ಷದಲ್ಲೇ ಮೇಷ್ಟ್ರ ದೊಡ್ಡ ಅಧ್ಯಯನ ಶುರುವಾಯಿತು. ಯಂತ್ರದಲ್ಲಿ ಮಲಗಿಸಿ, ಓದಿಸಿದ ಪದಗಳನ್ನು ನೆನಪು ಮಾಡಿಕೊಳ್ಳಲು ಹೇಳುವುದು, ಆಗ ಮಿದುಳಿನ ಯಾವ ಭಾಗ ದುಡಿಯುತ್ತದೆಂದು ನೋಡುವುದು. ಮೊದಲು ಅರವತ್ತೈದು ದಾಟಿದ ನಲವತ್ತು ಹಿರಿಯರು, ಆಮೇಲೆ ಎಪ್ಪತ್ತೆರಡು ಯುವಕ ಯುವತಿಯರು. ಹಿರಿಯರು ಸಿಗದೆ ಒದ್ದಾಡುತ್ತಿದ್ದಾಗ ಅಕ್ಕ ತನ್ನ ಅತ್ತೆಯನ್ನೇ ಕರೆತಂದು ಮಲಗಿಸಿದಳು. ಹದಿನೆಂಟನೇ ನಂಬರು. "ಅತ್ತೆ ತಲೇಲಿ ಏನಿದೆ ಅಂತ ಕಂಡುಕೊಂಡ ಸೊಸೆ ಲೋಕದಲ್ಲಿ ಇವಳೊಬ್ಬಳೇ" ಎಂದು ಅತ್ತೆ ಇಂದಿಗೂ ನೆರೆಹೊರೆಗೆ ಹೇಳುತ್ತಾರೆ. ಏನು ಕಂಡೆ ಎಂದು ಅಕ್ಕ ಮಾತ್ರ ಬಾಯಿ ಬಿಟ್ಟಿಲ್ಲ.

ಲೆಕ್ಕಾಚಾರ ಮುಗಿದಾಗ ಬೆರಗಿನ ಸಂಗತಿಯೊಂದು ಹೊರಬಂತು. ನೆನಪಿನ ಕೆಲಸದಲ್ಲಿ ಯುವಕರ ಎಡ ಮಿದುಳು ದುಡಿದರೆ, ಹಿರಿಯರಲ್ಲಿ ಅದೇ ಕೆಲಸವನ್ನು ಬಲ ಮಿದುಳು ಹೊತ್ತುಕೊಂಡಿತ್ತು. ವಯಸ್ಸಾದ ಮೇಲೆ ಎಡ ದಣಿದರೆ ಬಲ ಹೆಗಲು ಕೊಡುತ್ತದೆ ಎಂದು ಮೇಷ್ಟ್ರು ಬರೆದರು. ಆ ಲೇಖನ ಅಚ್ಚಾಗಿ ಹನ್ನೊಂದು ವರ್ಷವಾಯಿತು. ಪಠ್ಯಪುಸ್ತಕದಲ್ಲಿ ಸೇರಿತು, ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿತು, ಮೇಷ್ಟ್ರಿಗೆ 'ಬಲಗಡೆ ಮೇಷ್ಟ್ರು' ಎಂಬ ಅಡ್ಡಹೆಸರನ್ನೂ ತಂದಿತು. ಅಕ್ಕನ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿ, ಕಟ್ಟಡದ ಕಾವಲುಗಾರರಿಗಿಂತ ಒಂದು ಸಾಲು ಮೇಲಿತ್ತು. ಅವಳಿಗೆ ಅಷ್ಟೇ ಹಬ್ಬವಾಗಿತ್ತು.

ಆದರೆ ಆ ನೂರಹನ್ನೆರಡು ಜನರ ಚಿತ್ರಗಳು ಮೇಷ್ಟ್ರ ಬೀರುವಿನಲ್ಲೇ ಉಳಿದವು. ಬೇರೆ ದೇಶದವರು ಕೇಳಿದರೂ ಇಲ್ಲ, ಪಕ್ಕದ ಕೋಣೆಯವರು ಕೇಳಿದರೂ ಇಲ್ಲ. ಅಷ್ಟರಲ್ಲಿ ಎಲ್ಲೆಡೆ ಸಂಶೋಧಕರು ತಮ್ಮ ದತ್ತಾಂಶವನ್ನು ಜಾಲತಾಣಗಳಲ್ಲಿ ಎಲ್ಲರಿಗೂ ತೆರೆದಿಡುವ ಪದ್ಧತಿ ಬಂದಿತ್ತು. ಅಕ್ಕ ಒಂದು ದಿನ ಮೇಷ್ಟ್ರ ಮುಂದೆ ಮಾತು ತೆಗೆದಳು.

"ನಾವು ಉತ್ತು ಬಿತ್ತಿ ಬೆಳೆದದ್ದು. ಯಾರೋ ಬಂದು ಕೊಯ್ಕೊಂಡು ಹೋಗ್ಲಿ ಅಂತೀಯಾ?" ಎಂದರು ಮೇಷ್ಟ್ರು.

"ಮಲಗಿದ್ದು ಆ ಜನ ಸರ್. ಒಳಗೆ ಆ ಗದ್ದಲದಲ್ಲಿ, ಮೂಗು ತುರಿಸಿದ್ರೂ ಕೈ ಎತ್ತದೆ ಒಂದೊಂದು ಗಂಟೆ ಮಲಗಿದ್ರು. ಬೀರುವಲ್ಲಿ ಬೀಗ ಹಾಕಿಡ್ಲಿ ಅಂತ ಮಲಗ್ಲಿಲ್ಲ."

ಮೇಷ್ಟ್ರು ಆ ದಿನ ಮಾತು ಮುರಿದು ಎದ್ದು ಹೋದರು. ಅಕ್ಕ ಬಿಡಲಿಲ್ಲ. ಮೂರು ವರ್ಷ, ತಿಂಗಳಿಗೊಮ್ಮೆ, ಕಚ್ಚಿದರೆ ಬಿಡದವಳಂತೆ ಅದನ್ನೇ ಕೇಳಿದಳು. ಮೇಷ್ಟ್ರು ನಿವೃತ್ತರಾಗಿ ಮನೆ ಸೇರಿದ ಮೇಲೆ ಒಂದು ಸಂಜೆ ಬೇಸತ್ತು, "ಏನಾದ್ರೂ ಮಾಡ್ಕೋ ಹೋಗಮ್ಮ" ಎಂದು ಬೀರುವಿನ ಕೀಲಿ ಕೊಟ್ಟರು.

ಆಮೇಲಿನ ಕೆಲಸ ನೋಡಿದವರಿಗೆ ಮಾತ್ರ ಗೊತ್ತು. ಒಂದು ವರ್ಷ ಅಕ್ಕ ಮಧ್ಯಾಹ್ನದ ಊಟದ ಬಿಡುವನ್ನೆಲ್ಲ ಅದಕ್ಕೇ ಕೊಟ್ಟಳು. ಮಲಗಿದ್ದವರು ಹಂಚಲು ಒಪ್ಪಿ ಸಹಿ ಹಾಕಿದ್ದಾರೆಯೇ ಎಂದು ಒಂದೊಂದು ಹಾಳೆಯನ್ನೂ ನೋಡಿದಳು. ಹೆಸರು, ಹುಟ್ಟಿದ ದಿನ ತೆಗೆದಳು. ತಲೆಯ ಚಿತ್ರದಲ್ಲಿ ಮೂಗು, ಬಾಯಿ, ಕೆನ್ನೆ ಎಲ್ಲ ಮೂಡಿರುತ್ತವಾದ್ದರಿಂದ ಯಾರ ಗುರುತೂ ಸಿಗದಂತೆ ಮುಖದ ಭಾಗವನ್ನೇ ಪ್ರೋಗ್ರಾಂ ಓಡಿಸಿ ಅಳಿಸಿದಳು. ಹದಿನೆಂಟನೇ ನಂಬರಿನದನ್ನು ಅಳಿಸಿ ಬಂದ ದಿನ, "ಇವತ್ತು ನಿಮ್ಮ ಮುಖ ತೆಗೆದೆ ಅತ್ತೆ" ಎಂದಳು. "ಬಹಳ ದಿನದ ಆಸೆ ತೀರ್ತಲ್ಲ ನಿಂಗೆ" ಎಂದರು ಅತ್ತೆ. ಯಾರು ನಡುವೆ ಸೀನಿದರು, ಯಾರು ನಿದ್ದೆ ಹೋದರು ಎಂಬುದನ್ನೂ ಟಿಪ್ಪಣಿಯಾಗಿ ಸೇರಿಸಿದಳು. ಜಾಲತಾಣದಲ್ಲಿ ತೆರೆದಿಟ್ಟ ಆರು ತಿಂಗಳಲ್ಲಿ ಮುನ್ನೂರು ಕಡೆಯವರು ಇಳಿಸಿಕೊಂಡರು. ಮಕ್ಕಳು ಮದುವೆಯಾಗಿ ಒಳ್ಳೆಯ ಮನೆ ಸೇರಿದಷ್ಟು ಸಂತೋಷವಾಯಿತು ಅವಳಿಗೆ.

ಏಳನೇ ತಿಂಗಳು, ಒಂದು ಶನಿವಾರ ಬೆಳಿಗ್ಗೆ, ದೂರದೂರಿನ ವಿದ್ಯಾರ್ಥಿನಿಯೊಬ್ಬಳ ಪತ್ರ ಬಂತು. ತುಂಬ ಗೌರವದ ಪತ್ರ. ಇಷ್ಟು ಅಚ್ಚುಕಟ್ಟಾದ ದತ್ತಾಂಶ ತಾನು ನೋಡೇ ಇಲ್ಲ ಎಂದು ಹೊಗಳಿ, ಕೊನೆಗೆ ಒಂದು ಸಂದೇಹ ಬರೆದಿದ್ದಳು. ಹೆಚ್ಚಿನ ಜನರ ಮಿದುಳು ಹಿಂಭಾಗದಲ್ಲಿ ಎಡಕ್ಕೆ ತುಸು ಉಬ್ಬಿರುತ್ತದೆ. ನಿಮ್ಮ ಯುವಕರಲ್ಲೂ ಹಾಗೇ ಇದೆ. ನಲವತ್ತು ಹಿರಿಯರಲ್ಲಿ ಮಾತ್ರ ಮೂವತ್ತೈದು ಜನರಿಗೆ ಬಲಗಡೆ ಉಬ್ಬಿದೆ. ವಯಸ್ಸಾದರೆ ಹೀಗಾಗುತ್ತದೆಯೇ, ಅಥವಾ ನಾನೇ ತಪ್ಪು ನೋಡುತ್ತಿದ್ದೇನೆಯೇ?

ಅಕ್ಕ ಪತ್ರವನ್ನು ಮತ್ತೊಮ್ಮೆ ಓದಿದಳು. ವಯಸ್ಸಾದರೆ ಕೂದಲು ಉದುರಬಹುದು, ಎಡ ಬಲ ಅದಲುಬದಲಾಗುವುದಿಲ್ಲ.

ಯಂತ್ರದಲ್ಲಿ ಮಲಗಿಸುವ ಮೊದಲು ಪ್ರತಿಯೊಬ್ಬರ ಬಲಗಣ್ಣಿನ ಪಕ್ಕ, ಕಿವಿಯ ಮುಂದೆ, ಒಂದು ಮೀನೆಣ್ಣೆ ಗುಳಿಗೆಯನ್ನು ಟೇಪಿನಿಂದ ಅಂಟಿಸುವುದು ಅವಳ ಕ್ರಮ. ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ, ಯಾವುದು ಬಲ ಎಂದು ತಿಳಿಯುತ್ತದೆ. ಜಾಲತಾಣದ ಚಿತ್ರಗಳಲ್ಲಿ ಮುಖದ ಜೊತೆ ಗುಳಿಗೆಯೂ ಅಳಿಸಿಹೋಗಿತ್ತು. ಮುಖ ಅಳಿಸದ ಚಿತ್ರಗಳಿದ್ದದ್ದು ಅವಳ ಬಳಿ ಮಾತ್ರ. ಹಳೆಯ ಡಿಸ್ಕು ತೆಗೆದು, ಕೈಗೆ ಮೊದಲು ಸಿಕ್ಕ ಅತ್ತೆಯ ಚಿತ್ರವನ್ನೇ ತೆರೆದಳು. ಪರದೆಯ ಎಡಬದಿಯಲ್ಲಿ ಗುಳಿಗೆ ಹೊಳೆಯುತ್ತಿತ್ತು. ನಲವತ್ತನ್ನೂ ತೆರೆದಳು. ನಲವತ್ತರಲ್ಲೂ ಎಡಗಡೆ.

ತಪ್ಪಾದದ್ದು ಹೇಗೆಂದು ಅವಳಿಗೆ ಕುಳಿತಲ್ಲೇ ಹೊಳೆಯಿತು. ಎಕ್ಸ್‌ರೇ ಕೋಣೆಯಲ್ಲಿ ಚಿತ್ರ ನೋಡುವುದು ರೋಗಿಯ ಎದುರು ನಿಂತ ಹಾಗೆ. ಅವರ ಬಲಗೈ ನಮ್ಮ ಎಡಕ್ಕೆ ಬರುತ್ತದೆ. ಈ ಪ್ರಯೋಗಾಲಯದಲ್ಲಿ ಬಲ ಎಂದರೆ ಪರದೆಯ ಬಲವೇ. ಯಂತ್ರದ ಕಡತಗಳನ್ನು ಲೆಕ್ಕಾಚಾರಕ್ಕೆ ಬೇಕಾದ ರೂಪಕ್ಕೆ ಬದಲಿಸುವಾಗ ಪ್ರೋಗ್ರಾಂ ಚಿತ್ರಗಳನ್ನು ಎಡಬಲ ಮಗುಚಿ ಹಾಕಿತ್ತು. ಆ ವರ್ಷ ಹೊಸಬಳಾಗಿದ್ದ ಅಕ್ಕ ಗುಳಿಗೆ ಎಡಬದಿಗೆ ಕಂಡದ್ದನ್ನು ನೋಡಿ, ಆಸ್ಪತ್ರೆಯ ಕಣ್ಣಿನಿಂದ, ಸರಿಯಾಗಿದೆ ಎಂದು ನಲವತ್ತು ಸಲ ಗುರುತು ಹಾಕಿದ್ದಳು. ಯುವಕರ ಸರದಿ ಬರುವಷ್ಟರಲ್ಲಿ ಹೊಸ ಪ್ರೋಗ್ರಾಂ ಬಂತು, ಅವಳಿಗೂ ಇಲ್ಲಿಯ ಪದ್ಧತಿ ಗೊತ್ತಾಯಿತು. ಹಳೆಯವುಗಳಲ್ಲಿ ಗುಳಿಗೆ ಯಾವ ಕಡೆಗಿದೆ ಎಂದು ಮತ್ತೆ ನೋಡುವುದು ಮಾತ್ರ, ಮುಖ ಅಳಿಸುವಾಗಲೂ, ಹೊಳೆಯಲಿಲ್ಲ. ಎರಡನೇ ಸಲ ಮಲಗಿಸುವ ಅಭ್ಯಾಸವಿಲ್ಲದವಳಿಗೆ ಎರಡನೇ ಸಲ ನೋಡುವ ಅಭ್ಯಾಸವೂ ಇರಲಿಲ್ಲ.

ನಲವತ್ತನ್ನೂ ನೆಟ್ಟಗೆ ತಿರುಗಿಸಿ, ಮೇಷ್ಟ್ರ ಲೆಕ್ಕವನ್ನು ಮತ್ತೆ ಓಡಿಸಿದಳು. ಹಿರಿಯರಲ್ಲೂ ಎಡವೇ ದುಡಿಯುತ್ತಿತ್ತು, ಯುವಕರ ಹಾಗೆಯೇ. ಬಲ ಯಾರಿಗೂ ಹೆಗಲು ಕೊಟ್ಟಿರಲಿಲ್ಲ.

ಉಗುಳಲಾಗದ ನುಂಗಲಾಗದ ಬಿಸಿತುಪ್ಪವಾಯಿತು. ಮೇಷ್ಟ್ರಿಗೆ ಈಗ ಎಪ್ಪತ್ತೆರಡು. ಅವರ ಬದುಕಿನ ಹೆಸರೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಬೇಡ ಬೇಡ ಎಂದವರಿಂದ ಕೀಲಿ ಕಿತ್ತುಕೊಂಡವಳೂ ಇವಳೇ, ಮಗುಚಿದ್ದನ್ನು ಸರಿ ಎಂದವಳೂ ಇವಳೇ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಹಾವೂ ಸಾಯದ ಕೋಲೂ ಮುರಿಯದ ಒಂದು ಉತ್ತರವನ್ನು ಅವಳು ಬರೆದೂ ಬರೆದಳು: 'ಮನುಷ್ಯರಲ್ಲಿ ವ್ಯತ್ಯಾಸಗಳು ಸಹಜ.' ಓದಿ ನೋಡಿದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಅಳಿಸಿ, 'ಎರಡು ದಿನ ಸಮಯ ಕೊಡಮ್ಮ' ಎಂದಷ್ಟೇ ಬರೆದು ಕಳಿಸಿದಳು.

ಭಾನುವಾರ ಬೆಳಿಗ್ಗೆ ಬಟ್ಟೆ ಮಡಚುತ್ತ ಕೂತವಳು ಅದೇ ಅಂಗಿಯನ್ನು ಮೂರನೇ ಸಲ ಮಡಚಿದಾಗ ಏನಾಯಿತೆಂದು ಅತ್ತೆ ಕೇಳಿದರು. ಅಕ್ಕ ಎಲ್ಲವನ್ನೂ ಹೇಳಿದಳು.

"ಅಂದ್ರೆ ನನ್ನ ತಲೆ ನೆಟ್ಟಗೇ ಇತ್ತು, ನೀನು ತಿರುಗಿಸಿಟ್ಟೆ" ಎಂದರು ಅತ್ತೆ.

"ಹೂಂ ಅತ್ತೆ."

"ನಾನೇನೋ ಈ ವಯಸ್ಸಲ್ಲೂ ಬಲಗಡೆ ಕೆಲಸ ಮಾಡ್ತಿದೆ ಅಂತ ಎಲ್ರ ಹತ್ರ ಕೊಚ್ಕೊಂಡಿದ್ದೆ. ಹೋಗ್ಲಿ ಬಿಡು. ಮೇಷ್ಟ್ರಿಗೆ ಹೇಳಿದ್ಯಾ?"

"ಹೆಂಗೆ ಹೇಳ್ಲಿ? ನನ್ನನ್ನ ಕರ್ಕೊಂಡು ಬಂದಿದ್ದೇ ಅವರು."

"ಅದಕ್ಕೇ ಮೊದ್ಲು ಅವರಿಗೆ ಹೇಳ್ಬೇಕು. ಬೇರೆಯವರ ಬಾಯಿಂದ ಕೇಳಿಸ್ಕೊಂಡ್ರೆ ಅವರು ಸತ್ತಂಗೆ. ಎದ್ದೇಳು, ಬಟ್ಟೆ ನಾನು ಮಡಚ್ತೀನಿ."

ಅಕ್ಕ ಎರಡು ಬಸ್ಸು ಬದಲಿಸಿ ಮೇಷ್ಟ್ರ ಮನೆಗೆ ಹೋದಳು. ಅವರು ಕಿಟಕಿಯ ಪಕ್ಕ ಕುಳಿತು ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದರು. ಅಕ್ಕ ಕೂರಲಿಲ್ಲ. ಗುಳಿಗೆ ಹೊಳೆಯುವ ಒಂದು ಚಿತ್ರ, ಹೊಸ ಲೆಕ್ಕದ ಒಂದು ಹಾಳೆ, ವಿದ್ಯಾರ್ಥಿನಿಯ ಪತ್ರ, ಮೂರನ್ನೂ ಅವರ ಮುಂದಿಟ್ಟು, ಆದದ್ದನ್ನು ಆದ ಹಾಗೇ ಹೇಳಿದಳು. ಮೇಷ್ಟ್ರು ಕನ್ನಡಕ ಒರೆಸಿ ಎರಡು ಸಲ ಓದಿದರು.

"ನಲವತ್ತೂ ನೋಡಿದ್ಯಾ?"

"ನಲವತ್ತೂ ನಾನೇ ನೋಡ್ದೆ ಸರ್. ಆಗ ಸರಿ ಅಂತ ಗುರುತು ಹಾಕಿದ್ದೂ ನಾನೇ."

"ಕೊಡೋದು ಬೇಡ ಅಂದಿದ್ದೆ ನಾನು" ಎಂದರು ಮೇಷ್ಟ್ರು. ಬೈಯಲಿ, ಕೈ ಎತ್ತಲಿ, ಹೊರಗೆ ಹೋಗು ಎನ್ನಲಿ, ಎಲ್ಲಕ್ಕೂ ಅಕ್ಕ ಸಿದ್ಧಳಾಗಿಯೇ ಬಂದಿದ್ದಳು. ಮೇಷ್ಟ್ರು ಪದಬಂಧದ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು. ಒಳಗಿನಿಂದ ಅವರ ಹೆಂಡತಿ ಎರಡು ಲೋಟ ನೀರು ತಂದಿಟ್ಟು, ಮುಖಗಳನ್ನು ನೋಡಿ, ಮತ್ತೆ ಒಳಗೆ ಹೋದರು.

ಮೇಷ್ಟ್ರು ಅಕ್ಕನಿಗೆ ಕೂರಲು ಹೇಳಿದರು. ಲ್ಯಾಪ್‌ಟಾಪು ತೆಗೆ ಎಂದರು. ಲೇಖನ ಅಚ್ಚಾದ ಪತ್ರಿಕೆಗೆ ಅದನ್ನು ಹಿಂದಕ್ಕೆ ಪಡೆಯುವ ಪತ್ರ, ಜಾಲತಾಣದಲ್ಲಿ ದತ್ತಾಂಶದ ಮೇಲೆ ಹಾಕಲು ಒಂದು ತಿದ್ದುಪಡಿ, ಎರಡನ್ನೂ ಈಗಲೇ ಬರೆಯೋಣ ಎಂದರು. ಅಕ್ಕ ಮೊದಲ ವಾಕ್ಯವನ್ನು ತಾನೇ ಹಾಕಿದಳು: 'ಮೊದಲ ನಲವತ್ತು ಚಿತ್ರಗಳಲ್ಲಿ ಎಡ ಬಲ ತಿರುಗಿವೆ. ಈ ತಪ್ಪು ಯಂತ್ರ ನಡೆಸಿದ ನನ್ನದು.' ಕೆಳಗೆ ತನ್ನ ಹೆಸರು ಬರೆದಳು. ತಪ್ಪು ಹಿಡಿದ ಹುಡುಗಿಯ ಹೆಸರನ್ನೂ ಬರೆದಳು. "ನಿಮ್ಮ ಹೆಸರು ಬೇಡ ಸರ್" ಎಂದಳು.

ಮೇಷ್ಟ್ರು ಅದನ್ನು ಓದಿದರು. "ಇದು ಸಣ್ಣ ತಪ್ಪು ಕಣಮ್ಮ, ಯಾರು ಬೇಕಾದ್ರೂ ಮಾಡ್ತಾರೆ. ಲೇಖನ ಅಚ್ಚಾದ ದಿನಾನೇ ಡೇಟಾ ಕೊಟ್ಟಿದ್ರೆ ಇಂಥ ಒಬ್ಬ ಹುಡುಗಿ ಆರು ತಿಂಗಳಲ್ಲಿ ಹಿಡಿದುಬಿಡ್ತಿದ್ಲು. ಆಗ ನಂಗೆ ಅರವತ್ತೊಂದು. ಬೇರೇನಾದ್ರೂ ಹುಡುಕೋಕೆ ಹನ್ನೊಂದು ವರ್ಷ ಇತ್ತು ನನ್ನ ಕೈಲಿ."

ಮೇಷ್ಟ್ರು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಅಕ್ಕನ ವಾಕ್ಯದ ಕೆಳಗೆ ತಮ್ಮದೊಂದನ್ನು ಸೇರಿಸಿದರು: 'ಈ ತಪ್ಪು ಹತ್ತು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಬೀಗ ಹಾಕಿಟ್ಟದ್ದು ನಾನು.' ಅದರ ಮುಂದೆ ಹೆಸರು ಬರೆದು, ಕಳಿಸು ಎಂದು ಅವಳ ಕಡೆ ತಿರುಗಿಸಿದರು.